ನಿಧಾನ ಮಾಡಬಾರದ ಜಾಗ

ಮಂಗಳೂರು ವಿಮಾನ ನಿಲ್ದಾಣ

ಜರ್ಮನಿಗೆ ಹೋಗಿ ಬಂದ ಮೇಲೆ ನಮ್ಮೂರು ಪೈವಳಿಕೆಯಲ್ಲಿ, ಹೊಸಂಗಡಿ ಪೇಟೆಯಲ್ಲಿ ಸಿಕ್ಕಿದವರೆಲ್ಲ ಕೇಳುವುದು ಒಂದೇ ಪ್ರಶ್ನೆ: ಅಲ್ಲಿ ಎಂತ ನೋಡಿದ್ರಿ? ನಾನು ನೋಡಿದ್ದು ಕಡಿಮೆ. ಕೇಳಿದ್ದು ಒಂದು ಉಂಟು. ಅದೊಂದು ಪಿಯಾನೋ ಸಂಗೀತ. ಬಿಸಿ ಚಾ ಆರುವುದರೊಳಗೆ ಮುಗಿದುಹೋಗುವಷ್ಟು ಚಿಕ್ಕದು. ಅದರ ವಿಷಯ ಬರೆಯಲು ಕೂತರೆ ನನ್ನ ಒಂದು ತಪ್ಪಿನ ವಿಷಯವನ್ನೂ ಬರೆಯದೆ ಗತಿಯಿಲ್ಲ. ಎರಡನ್ನೂ ಬಿಡಿಸಿ ಬೇರೆ ಬೇರೆ ಇಡುವ ವಿದ್ಯೆ ನನಗೆ ಗೊತ್ತಿಲ್ಲ. ನಾನು ಹತ್ತನೇ ಕ್ಲಾಸಿನವರೆಗೆ ಓದಿದವ. ಹೊಸಂಗಡಿಯಲ್ಲಿ ಛತ್ರಿ, ಚಪ್ಪಲಿಯ ಅಂಗಡಿ ಇಟ್ಟುಕೊಂಡಿದ್ದೆ. ಹೆದ್ದಾರಿ ಅಗಲವಾದಾಗ ಅಂಗಡಿ ಹೋಯಿತು. ಆದರೆ ಜನ ನನ್ನನ್ನು ಗುರುತಿಸುವುದು ಅಂಗಡಿಯಿಂದ ಅಲ್ಲ, ತಾಳಮದ್ದಲೆಯಿಂದ.

ತಾಳಮದ್ದಲೆ ನೋಡದವರಿಗಾಗಿ ಹೇಳುತ್ತೇನೆ: ಅದು ವೇಷ, ಕುಣಿತ ಇಲ್ಲದ ಯಕ್ಷಗಾನ. ಭಾಗವತರು ಪದ್ಯ ಹಾಡುತ್ತಾರೆ. ನಾವು ಕೂತಲ್ಲಿಂದಲೇ ರಾಜನೋ ಋಷಿಯೋ ಆಗಿ ಮಾತಾಡುತ್ತೇವೆ. ಆ ಮಾತಿಗೆ ಅರ್ಥ ಎಂದು ಹೆಸರು. ಬರೆದು ಓದುವುದಲ್ಲ, ಆ ಗಳಿಗೆಯಲ್ಲಿ ನಾಲಿಗೆಗೆ ಬಂದದ್ದೇ ಮಾತು. ಅಳಿಸುವ ಅರ್ಥಕ್ಕೆ ನಮ್ಮ ಕಡೆ ನನ್ನನ್ನೇ ಕರೆಯುತ್ತಿದ್ದರು.

ಜರ್ಮನಿಯಲ್ಲಿರುವ ಮಗಳ ಮನೆಗೆ ದುಬೈ ದಾರಿಯಾಗಿ ಹೊರಟ ದಿನ, ಮಂಗಳೂರಿನ ವಿಮಾನ ನಿಲ್ದಾಣದಲ್ಲಿ ತಪಾಸಣೆ ಮುಗಿಸಿ, ನಾನೂ ಹೆಂಡತಿ ಸುಮತಿಯೂ ಕಾಲಿಗೆ ಪುನಃ ಚಪ್ಪಲಿ ಹಾಕಿಕೊಂಡು ಕೂತಿದ್ದೆವು. ರಜೆ ಮುಗಿಸಿ ದುಬೈಗೆ ಹೊರಟಿದ್ದ ಒಬ್ಬರು ದೂರದಿಂದ ನೋಡುತ್ತ ನೋಡುತ್ತ ಹತ್ತಿರ ಬಂದರು.

"ಅಣ್ಣಾ, ನೀವು ಹೊಸಂಗಡಿಯ ಛತ್ರಿ ಅಂಗಡಿಯವರಲ್ವಾ? ಸ್ವರದಲ್ಲೇ ಗುರ್ತ ಸಿಕ್ತು ಮಾರಾಯ್ರೆ!"

"ಹೌದು," ಎಂದೆ. ಎದೆ ಸ್ವಲ್ಪ ಉಬ್ಬಿತು, ಸುಳ್ಳು ಯಾಕೆ ಹೇಳಬೇಕು.

"ಸಣ್ಣವ ಇರುವಾಗ ಅಪ್ಪ ಕರ್ಕೊಂಡು ಹೋಗಿದ್ರು ನಿಮ್ಮ ಅರ್ಥ ಕೇಳ್ಲಿಕ್ಕೆ. ಮಗ ಸತ್ತ ತಂದೆಯ ಅರ್ಥ. ಒಂದು ಮಾತು ಹೇಳಿದ್ರಲ್ಲ ನೀವು, ನಂಗೆ ಇವತ್ತಿಗೂ ಬಾಯಿಪಾಠ!"

ಬೇಡ ಎನ್ನುವ ಮೊದಲೇ ಅವರು ಚೀಲ ಕೆಳಗಿಟ್ಟು, ಬಲಗೈ ಎತ್ತಿ, ನನ್ನ ಹಾಗೆಯೇ ಸ್ವರ ಇಳಿಸಿ, ನಾನು ನಿಲ್ಲಿಸುತ್ತಿದ್ದಲ್ಲೇ ನಿಲ್ಲಿಸಿ, ಆ ಮಾತನ್ನು ಹೇಳಿದರು. ಆಚೀಚೆ ಕೂತಿದ್ದ ಒಂದಿಬ್ಬರು ಚಪ್ಪಾಳೆ ತಟ್ಟಿದರು.

ಸುಮತಿ ಎದ್ದಳು. "ನೀರು ಕುಡಿದು ಬರ್ತೇನೆ," ಎಂದಳು. ಆಗಷ್ಟೇ ತುಂಬಿಸಿ ತಂದ ನೀರಿನ ಬಾಟ್ಲಿ ಅವಳ ಕೈಯಲ್ಲೇ ಇತ್ತು.

ದುಬೈಗೆ ಹೋಗುವ ವಿಮಾನ

ಕಿಟಕಿಯ ಹತ್ತಿರ ಅವಳು, ಪಕ್ಕದಲ್ಲಿ ನಾನು. ಮೊದಲ ಸಲ ವಿಮಾನ ಹತ್ತಿದವರು ಹೊರಗೆ ನೋಡಿ ಆಶ್ಚರ್ಯಪಡಬೇಕು. ಅವಳು ನೋಡಿದಳು, ಆಶ್ಚರ್ಯ ಆಯಿತೋ ಇಲ್ಲವೋ ಹೇಳಲಿಲ್ಲ. ಸುಮತಿ ಹಾಗೆಯೇ. ಪಾಯಸ ಚೆನ್ನಾಗಿದ್ದರೆ ಇನ್ನೊಂದು ಸೌಟು ಹಾಕಿಸಿಕೊಳ್ಳುವಳೇ ಹೊರತು ಚೆನ್ನಾಗಿದೆ ಎನ್ನುವವಳಲ್ಲ.

ನಮಗೆ ಒಬ್ಬ ಮಗ ಇದ್ದ, ಮೋಹನ. ಹೆಸರನ್ನು ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಸಂಜೆ ಹೊತ್ತಿಗೆ ಸುಮತಿ ಅವನನ್ನು ಕರೆದುಕೊಂಡು ಅಂಗಡಿಗೆ ಬರುತ್ತಿದ್ದಳು. ಬಸ್ಸುಗಳ ಹಾರ್ನ್, ಎದುರಿನ ಹೋಟೆಲಿನ ಗೋಳಿಬಜೆಯ ಪರಿಮಳ, ಅವುಗಳ ನಡುವೆ ಅವನು ನೆಲದಲ್ಲಿ ಕೂತು ಛತ್ರಿ ಬಿಡಿಸುವುದು, ಮಡಚುವುದು, ಬಿಡಿಸುವುದು. "ಹುಡುಗ ಕಡ್ಡಿ ಮುರಿತಾನೆ," ಎಂದು ನಾನು ರೇಗಿದರೆ, "ಮುರಿಯದ ಛತ್ರಿ ಯಾವುದು ಅಂತ ಗಿರಾಕಿಗಳಿಗೆ ಗೊತ್ತಾಗ್ಲಿ," ಎಂದು ಸುಮತಿ ನಗುತ್ತಿದ್ದಳು. ಆಗ ನಗುತ್ತಿದ್ದಳು. ಆ ಹೊಸಂಗಡಿ ಈಗ ಇಲ್ಲ. ಅಂಗಡಿ ಇದ್ದಲ್ಲಿ ಈಗ ಲಾರಿಗಳು ಓಡುತ್ತವೆ. ಹೆದ್ದಾರಿ ದಾಟುವಾಗೆಲ್ಲ ನಾನು ನೆಲ ನೋಡುತ್ತೇನೆ, ಎಲ್ಲಿ ಕೂತಿದ್ದ ಎಂದು. ಅಂದಾಜಾಗುವುದಿಲ್ಲ.

ಶಾಲೆಗೆ ಸೇರಿಸಬೇಕಾದ ವರ್ಷ ಜ್ವರ ಬಂತು, ಮಂಗಳೂರಿಗೆ ಕೊಂಡುಹೋದೆವು, ತಿರುಗಿ ತರುವಾಗ ಅವನು ಇರಲಿಲ್ಲ. ನಾನು ಊರಿಗೆಲ್ಲ ಕೇಳುವ ಹಾಗೆ ಅತ್ತೆ. ಸುಮತಿ ಅಳಲಿಲ್ಲ. ಬಂದವರಿಗೆ ಕೂರಲು ಚಾಪೆ ಹಾಕಿದಳು. ಹೆಂಗಸರು ಮೂಗಿನ ಮೇಲೆ ಬೆರಳಿಟ್ಟರು. ನಾನೂ ಇಟ್ಟೆ. "ಅವಳದ್ದು ಕಲ್ಲಿನ ಮನಸ್ಸು," ಎಂದು ಒಂದಿಬ್ಬರ ಹತ್ತಿರ ಹೇಳಿದ್ದೂ ಉಂಟು.

ಕೆಲವು ತಿಂಗಳ ಮೇಲೆ ಒಂದು ಸಂಜೆ ಒಲೆಯ ಮುಂದೆ ಕೂತಿದ್ದಾಗ ಅವಳು ನನ್ನ ಹತ್ತಿರ ಮೋಹನನ ಬಗ್ಗೆ ಒಂದು ಮಾತು ಹೇಳಿದಳು. ಒಂದೇ ಒಂದು ಮಾತು. ಹೇಳಿ, ಅಕ್ಕಿ ತೊಳೆಯಲು ಎದ್ದಳು.

ಆಮೇಲೆ ಬಂದದ್ದು ದೇವಸ್ಥಾನದ ಚಾವಡಿಯಲ್ಲಿ ಒಂದು ತಾಳಮದ್ದಲೆ. ಮಗನನ್ನು ಕಳಕೊಂಡ ತಂದೆಯ ಅರ್ಥ ನನ್ನದು. ಬೇರೆಯವರಿಗೆ ಕೊಡುವ ಎಂದು ಭಾಗವತರೇ ಹೇಳಿದ್ದರು, ನಾನೇ ಹಟ ಹಿಡಿದೆ. ಪದ್ಯ ಮುಗಿಯಿತು, ಮಾತು ಶುರು ಮಾಡಿದೆ. ಏರುತ್ತ ಏರುತ್ತ ಒಂದು ಕಡೆ ನಾಲಿಗೆ ಖಾಲಿಯಾಯಿತು. ಆಗ ಸುಮತಿಯ ಆ ಮಾತು ಬಾಯಿಗೆ ಬಂತು. ಹೇಳಿಬಿಟ್ಟೆ. ಚಾವಡಿಯಲ್ಲಿ ಅಳದವರಿರಲಿಲ್ಲ. ಮದ್ದಲೆಯವರು ಕಣ್ಣೊರೆಸಿಕೊಂಡರು. ಹೆಂಗಸರ ಸಾಲಿನಲ್ಲಿ ಸುಮತಿ ಇದ್ದಳು. ಅವಳು ಎದ್ದು ಹೋದದ್ದನ್ನು ನಾನು ಕಂಡೆ. ಮಾತು ನಿಲ್ಲಿಸಲಿಲ್ಲ.

ಮೊದಲ ಸಲ ಬಾಯಿ ಜಾರಿತು ಎನ್ನಬಹುದು. ಎರಡನೆಯ ಸಲಕ್ಕೆ ಎಂತ ಹೇಳುವುದು? ಕುಂಬಳೆಯಲ್ಲಿ, ಮಂಜೇಶ್ವರದಲ್ಲಿ, ಮಂಗಳೂರಿನಲ್ಲಿ ಜನ ಅದನ್ನೇ ಕೇಳಿದರು, ನಾನು ಅದನ್ನೇ ಕೊಟ್ಟೆ. ಅದು ನನ್ನ ಪ್ರಸಿದ್ಧ ಮಾತಾಯಿತು. ಸುಮತಿ ಜಗಳ ಮಾಡಲಿಲ್ಲ. ಆಮೇಲೆ ಮಗಳು ರೂಪ ಹುಟ್ಟಿದಳು, ಮನೆ ನಡೆಯಿತು, ಸಾರಿಗೆ ಉಪ್ಪು ಕಡಿಮೆಯಾದದ್ದರಿಂದ ಹಿಡಿದು ಎಲ್ಲದರ ಬಗ್ಗೆ ಮಾತಾಡಿದೆವು. ಆದರೆ ಮೋಹನನ ಹೆಸರನ್ನು ಅವಳು ನನ್ನ ಎದುರು ಮತ್ತೆ ಎತ್ತಲಿಲ್ಲ. ನನ್ನ ಮಗನ ತಾಯಿ ನನ್ನ ಮನೆಯಲ್ಲೇ ಇದ್ದಳು, ನನ್ನ ಹತ್ತಿರ ಅವನ ಬಗ್ಗೆ ಮಾತಾಡುವವರು ಮಾತ್ರ ಯಾರೂ ಇರಲಿಲ್ಲ.

ಆ ಮಾತು ಯಾವುದು ಎಂದು ಇಲ್ಲಿ ಬರೆಯುವುದಿಲ್ಲ. ಈ ಕಥನ ಬರೆಯಲಾ ಎಂದು ಕೇಳಿದಾಗ ಸುಮತಿ ಹೇಳಿದ್ದು ಇಷ್ಟೇ: "ಬರೀರಿ. ಅದು ಬೇಡ."

ಮಗಳ ಊರು, ಒಂದು ಆದಿತ್ಯವಾರ

ರೂಪ ಅಲ್ಲಿ ವೃದ್ಧರ ಮನೆಯೊಂದರಲ್ಲಿ ನರ್ಸ್. ಫ್ರಾಂಕ್‌ಫರ್ಟಿನಿಂದ ರೈಲಿನಲ್ಲಿ ಹೋಗಬೇಕಾದ ಸಣ್ಣ ಊರು. ಒಂದು ಹೊಳೆ, ಚೂಪು ಗೋಪುರದ ಹಳೆಯ ಚರ್ಚು, ನಮ್ಮ ಕಡೆಯವರು ಹೇಳುವ ಇಗರ್ಜಿ, ಚೂಪು ಮಾಡಿನ ಮನೆಗಳು. ನಾನು ಮೊದಲು ನೋಡಿದ್ದು ಜನರ ಕಾಲು ಮತ್ತು ಛತ್ರಿ, ಹಳೆಯ ಅಭ್ಯಾಸ. ಶೂಗಳ ಬಗ್ಗೆ ತಕರಾರಿಲ್ಲ. ಛತ್ರಿಯ ವಿಷಯದಲ್ಲಿ ಬೇಸರವಾಯಿತು. ಜಿಟಿಜಿಟಿ ಮಳೆ ಬಂದರೆ ಅವರು ಅಂಗಿಯ ಟೊಪ್ಪಿ ತಲೆಗೆ ಎಳಕೊಂಡು ನಡೆದುಬಿಡುತ್ತಾರೆ. ಅಂಥ ಮಳೆಗೆ ಹೊಸಂಗಡಿಯಲ್ಲಿ ನನ್ನ ಅಂಗಡಿಯೊಳಗೆ ಕಾಲಿಡಲು ಜಾಗ ಇರುತ್ತಿರಲಿಲ್ಲ.

ಮಾತು ಕಡಿಮೆ ಆಡುವ ಜನ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಎಲ್ಲಿಗೆ, ಯಾರ ಮನೆಗೆ, ಮಕ್ಕಳೆಷ್ಟು ಎಂದು ಕೇಳುವುದಿಲ್ಲ. ನಾನೇ ಕೇಳೋಣವೆಂದರೆ ಭಾಷೆ ಇಲ್ಲ. ಆದಿತ್ಯವಾರವಂತೂ ಊರಿಗೆ ಊರೇ ಬಾಯಿ ಮುಚ್ಚಿಕೊಳ್ಳುತ್ತದೆ. ಅಂದು ಹುಲ್ಲು ಕತ್ತರಿಸುವ ಮೆಶಿನು ಚಾಲು ಮಾಡಬಾರದು, ಗೋಡೆಗೆ ಮೊಳೆ ಹೊಡೆಯಬಾರದು. ಖಾಲಿ ಬಾಟ್ಲಿಗಳನ್ನು ಬೀದಿಯ ಡಬ್ಬಕ್ಕೆ ಹಾಕಿದರೂ ಸದ್ದಾಗುತ್ತದೆಂದು ಅದೂ ಇಲ್ಲ. ಸುಮತಿಗೆ ಆ ಊರು ಬಂದ ದಿನವೇ ಹಿಡಿಸಿತು. ಹಾಗೆಂದು ಹೇಳಲಿಲ್ಲ, ಬಾಲ್ಕನಿಯ ಕುರ್ಚಿಯಿಂದ ಏಳಲಿಲ್ಲ, ಅಷ್ಟೆ.

ಅಂಥ ಒಂದು ಆದಿತ್ಯವಾರ ಪೈವಳಿಕೆಯಿಂದ ಫೋನ್ ಬಂತು. ತಾಳಮದ್ದಲೆ ಸಂಘದ ಕಾರ್ಯದರ್ಶಿ ನಾರಾಯಣ. ಫೋನಿನಲ್ಲಿ ಊರಿನವರ ಹತ್ತಿರ ಮಾತಾಡುವಾಗ ಸ್ವರ ಊರಿಗೆ ಮುಟ್ಟಬೇಕೆಂದು ನನಗೆ ಈಗಲೂ ಅನಿಸುತ್ತದೆ.

"ನೀವು ಬಂದ ಕೂಡ್ಲೇ ಒಂದು ಕಾರ್ಯಕ್ರಮ ಉಂಟು," ಎಂದ ನಾರಾಯಣ. "ತಂದೆಯ ಅರ್ಥ ನಿಮ್ದೇ. ವಿಡಿಯೋ ಮಾಡಿ ಇಡ್ಲಿಕ್ಕುಂಟು. ಆ ಒಂದು ಮಾತು ಬೇಕೇ ಬೇಕು, ಆಯ್ತಾ?"

"ಆಗ್ಲಿ ಮಾರಾಯ, ಹೇಳುವ, ಹೇಳುವ!" ಎಂದು ನಾನು ಕೂಗಿದೆ.

ಫೋನ್ ಇಡುವಾಗ ಬಾಗಿಲ ಗಂಟೆ ಸದ್ದಾಯಿತು. ಕೆಳಗಿನ ಮನೆಯವರು. ರೂಪ ಅವರ ಹತ್ತಿರ ಮಾತಾಡಿ ಬಂದು ನಗು ತಡೆಯಲಾರದೆ ಕೂತಳು. "ಅಪ್ಪ, ಮನೆಯಲ್ಲಿ ಯಾರಿಗಾದ್ರೂ ಪೆಟ್ಟಾಯ್ತಾ ಅಂತ ಕೇಳ್ತಿದ್ದಾರೆ. ಸಹಾಯ ಬೇಕಾ ಅಂತ."

"ನೀನೆಂತ ಹೇಳಿದೆ?"

"ನಮ್ಮಪ್ಪ ಕಲಾವಿದರು ಅಂದೆ. ಪಾಪ ಅಂದ್ರು."

ನಾನೂ ನಕ್ಕೆ. ತಿರುಗಿ ನೋಡಿದರೆ ಕುರ್ಚಿ ಖಾಲಿ. ಸುಮತಿ ಒಳಗೆ ಹೋಗಿ ಈಗಾಗಲೇ ಮಡಚಿಟ್ಟ ಬಟ್ಟೆಗಳನ್ನು ಬಿಡಿಸಿ ಪುನಃ ಮಡಚುತ್ತಿದ್ದಳು.

ಇಗರ್ಜಿ

ನೂರು ವರ್ಷಕ್ಕೂ ಹಿಂದೆ ಆ ಇಗರ್ಜಿಯಲ್ಲಿ ಆರ್ಗನ್ ನುಡಿಸುತ್ತ, ಊರಿನ ಮಕ್ಕಳಿಗೆ ಪಾಠ ಹೇಳುತ್ತ ಒಬ್ಬರಿದ್ದರಂತೆ. ಪಿಯಾನೋಗೆ ಸಂಗೀತ ರಚಿಸಿದ್ದಾರೆ. ಹೊರಗೆ ದೊಡ್ಡ ಹೆಸರಿಲ್ಲ, ಆ ಊರಿನವರು ಮಾತ್ರ ಬಿಟ್ಟುಕೊಟ್ಟಿಲ್ಲ. ಹೆಸರನ್ನು ರೂಪ ಎಷ್ಟು ಸಲ ಹೇಳಿಕೊಟ್ಟರೂ ನನ್ನ ನಾಲಿಗೆಯಲ್ಲಿ ಕೂರಲಿಲ್ಲ. ಸುಮತಿ "ಮಾಸ್ತರ್ರು" ಎಂದಳು. ನಾನೂ ಹಾಗೆಯೇ ಬರೆಯುತ್ತೇನೆ.

ಅವರ ಸಂಗೀತದ ಕಾರ್ಯಕ್ರಮಕ್ಕೆ ರೂಪ ನಮ್ಮನ್ನು ಕರೆದುಕೊಂಡು ಹೋದಳು. ಅಲ್ಲಿಯವರ ಒಂದು ಕ್ರಮ ನೋಡಿ ಬೆರಗಾಯಿತು: ನುಡಿಸುವಾಗ ಯಾರೂ ಕೆಮ್ಮುವುದಿಲ್ಲ, ಒಂದು ತುಣುಕು ಮುಗಿದು ಇನ್ನೊಂದು ಶುರುವಾಗುವ ನಡುವೆ ಇಡೀ ಇಗರ್ಜಿ ಒಟ್ಟಿಗೆ ಕೆಮ್ಮುತ್ತದೆ. ಕೆಮ್ಮನ್ನು ಹಿಡಿದಿಟ್ಟು ಅದಕ್ಕೊಂದು ಸಮಯ ಕೊಡುವ ಜನ.

ನಾನು ಹಿಡಿದಿಡಲಾರದೆ ಹೋದೆ. ತಾಳಮದ್ದಲೆಯಲ್ಲಿ ಒಬ್ಬರು ಅರ್ಥ ಹೇಳುವಾಗ ಪಕ್ಕದವರು ನಡುನಡುವೆ "ಹೂಂ, ಹೌದು" ಎನ್ನಬೇಕು. ಇಲ್ಲದಿದ್ದರೆ ಮಾತಿಗೆ ಬಲ ಬರುವುದಿಲ್ಲ. ಪಿಯಾನೋ ಒಂದು ಕಡೆ ಏನೋ ಕೇಳಿ ಉತ್ತರಕ್ಕೆ ಕಾದ ಹಾಗೆ ಅನಿಸಿತು. ನನ್ನ ಗಂಟಲು ತಾನಾಗಿಯೇ "ಹೂಂ... ಹೌದು!" ಎಂದಿತು. ಮಾಡು ಎತ್ತರದಲ್ಲಿರುವ ಕಟ್ಟಡ, ಆ ಹೌದು ಮೇಲೆ ಹೋಗಿ ಸುತ್ತು ಹಾಕಿ ಕೆಳಗೆ ಬಂತು. ಎದುರಿನ ಸಾಲಿನ ಮುದುಕರೊಬ್ಬರು ತಿರುಗಿ, ಬೇಸರವಿಲ್ಲದೆ, ನನ್ನ ಕೈಗೆ ಗಂಟಲಿನ ಮಿಠಾಯಿ ಇಟ್ಟರು.

ಸಂಗೀತ ನನಗೆ ರುಚಿಸಲಿಲ್ಲ. ಬಲಗೈ ನಾಲ್ಕು ಮೆಟ್ಟಿಲು ಹತ್ತಿದ ಹಾಗೆ ಹತ್ತುವುದು, ಪುನಃ ಇಳಿಯುವುದು. ಎಡಗೈ ದಾರಿಯಲ್ಲಿ ಹೋಗುವವರ ಹಾಗೆ ಒಂದೇ ನಡೆಯಲ್ಲಿ ನಡೆಯುವುದು. ಈಗ ಒಡೆಯುತ್ತದೆ, ಈಗ ಎದೆ ಬಿಚ್ಚುತ್ತದೆ ಎಂದು ನಾನು ಮುಂದಕ್ಕೆ ಬಗ್ಗಿ ಕೂತರೆ, ಅದು ಅಲ್ಲಿಂದ ಸುಮ್ಮನೆ ದಾಟಿಕೊಂಡು ಹೋಗುವುದು. ಊಟಕ್ಕೆ ಕರೆದು ಎಲೆ ಹಾಕಿ ಬಡಿಸದೆ ಬಿಟ್ಟ ಹಾಗಾಯಿತು.

ಹೊರಗೆ ಬಂದ ಮೇಲೆ ರೂಪ ಕೇಳಿದಳು, "ಹೇಗಾಯ್ತು ಅಪ್ಪ?"

"ಉಪ್ಪಿಲ್ಲ," ಎಂದೆ.

"ಇಲ್ಲಿಯೂ ಕೆಲವರು ಹಾಗೇ ಹೇಳ್ತಾರೆ, ತಣ್ಣಗೆ ಅಂತ. ನಂಗೆ ಡ್ಯೂಟಿ ಮುಗಿಸಿ ಬಂದಾಗ ಇದೇ ಬೇಕು. ನನ್ನಿಂದ ಎಂತದೂ ಕೇಳುದಿಲ್ಲ ಇದು."

ಸುಮತಿ ನಮಗಿಂತ ಎರಡು ಹೆಜ್ಜೆ ಹಿಂದೆ ಬರುತ್ತಿದ್ದಳು. "ರೂಪಾ, ಆ ಎರಡನೇದ್ದು ಬಾರಿಸಿದ್ರಲ್ಲ," ಎಂದಳು. "ಇನ್ನೊಮ್ಮೆ ಕೇಳ್ಲಿಕ್ಕೆ ಸಿಗ್ತದಾ?"

ಅವಳು ತನಗಾಗಿ ಏನಾದರೂ ಬೇಕೆಂದು ಕೇಳಿದ್ದು ನನಗೆ ನೆನಪಿಲ್ಲ. ರೂಪನೂ ನಿಂತುಬಿಟ್ಟಳು.

ಮಾಸ್ತರರ ಮನೆ

ಮರುದಿನ ಮಾಸ್ತರರ ಮನೆ ನೋಡಲು ಹೋದೆವು. ಒಂದೇ ಕೋಣೆ. ಒಂದು ಕುರ್ಚಿ, ಒಂದು ದೀಪ, ಕಿಟಕಿಯಿಂದ ಹೊಳೆ. ನಾನು ಗೋಡೆಗಳನ್ನು ಹುಡುಕಿದೆ. ನಮ್ಮ ಕಡೆ ಕಲಾವಿದರ ಮನೆಗೆ ಹೋದರೆ ಶಾಲು ಹೊದೆಸಿದ ಫೋಟೋಗಳೇ ಗೋಡೆ. ನನ್ನ ಮನೆಯಲ್ಲೂ ಅಷ್ಟೆ, ಸುಣ್ಣ ಬಳಿಯಲು ಜಾಗವಿಲ್ಲ.

"ಇವರಿಗೆ ಸಂಸಾರ ಇತ್ತಾ? ಕಷ್ಟ, ದುಃಖ ಎಂತಾದ್ರೂ?" ಎಂದು ರೂಪನ ಮೂಲಕ ಮನೆ ತೋರಿಸಲು ಅಲ್ಲಿದ್ದ ಹೆಂಗಸಿನ ಹತ್ತಿರ ಕೇಳಿಸಿದೆ.

ಆಕೆ ಭುಜ ಕುಣಿಸಿದಳು. ಇದ್ದಿರಬಹುದು, ಹೇಳಿಕೊಂಡವರಲ್ಲ ಎಂದಳಂತೆ.

"ಇದಕ್ಕೆ ಇಷ್ಟು ದೂರ ಬಂದದ್ದಾ?" ಎಂದು ನಾನು ಗೊಣಗಿದೆ. ಸುಮತಿ ಕಿಟಕಿಯ ಹತ್ತಿರ ನಿಂತು ಹೊಳೆ ನೋಡುತ್ತಿದ್ದಳು. ಹೋಗುವ ಎಂದರೂ ಹೊರಡಲಿಲ್ಲ.

ಹನ್ನಾ ಅಜ್ಜಿಯ ಕೋಣೆ

ಹನ್ನಾ ಅಜ್ಜಿ ರೂಪ ಕೆಲಸ ಮಾಡುವ ವೃದ್ಧರ ಮನೆಯಲ್ಲಿ ಇರುವವರು. ಹಿಂದೆ ಪಿಯಾನೋ ಟೀಚರ್. ತಾಯಿಗೆ ಇನ್ನೊಮ್ಮೆ ಕೇಳುವ ಆಸೆ ಎಂದು ರೂಪ ಹೇಳಿದ್ದಕ್ಕೆ ನಮ್ಮನ್ನು ಚಾಕ್ಕೆ ಕರೆದರು. ಕೋಣೆಗೆ ಪಿಯಾನೋ ತಂದದ್ದರಿಂದ ಮಂಚ ಗೋಡೆಗೆ ಅಂಟಿಕೊಂಡಿತ್ತು. ಬೆರಳುಗಳು ಶುಂಠಿಯ ಹಾಗೆ ಗಂಟುಗಂಟು. ಆ ಬೆರಳುಗಳಿಂದ ಇಗರ್ಜಿಯಲ್ಲಿ ಕೇಳಿದ ಆ ಎರಡನೆಯದನ್ನು ನುಡಿಸಿದರು.

ಮುಗಿದ ಮೇಲೆ ನನ್ನ ಕಡೆ ತಿರುಗಿ ಏನೋ ಕೇಳಿದರು. "ನಿಮ್ಗೆ ಎಂತ ಅನ್ನಿಸ್ತು ಅಂತ ಕೇಳ್ತಿದ್ದಾರೆ," ಎಂದಳು ರೂಪ.

ಎದುರಲ್ಲಿ ಪದ್ಯ ಮುಗಿದಿದೆ, ಎಲ್ಲರೂ ನನ್ನ ಬಾಯಿ ನೋಡುತ್ತಿದ್ದಾರೆ. ಆಯುಷ್ಯವಿಡೀ ಇಂಥ ಗಳಿಗೆಯಲ್ಲಿ ಮಾತಾಡಿದವ ನಾನು. ಬೆನ್ನು ನೆಟ್ಟಗಾಯಿತು, ಕೈ ಎದ್ದಿತು. "ಒಬ್ಬ ತಂದೆ," ಎಂದು ಶುರು ಮಾಡಿದೆ. "ಮುಸ್ಸಂಜೆ. ಮನೆಯ ಬಾಗಿಲಲ್ಲಿ ನಿಂತಿದ್ದಾನೆ. ಹೋದವನು ಬರಲಿಲ್ಲ. ಅವನ ಎದೆಯ ಸಮುದ್ರ..." ಹೀಗೆ ಸಮುದ್ರ, ಬಿರುಗಾಳಿ, ಆರಿದ ದೀಪ ಎಲ್ಲ ಬಂದವು. ರೂಪ ಜರ್ಮನ್ ಭಾಷೆಯಲ್ಲಿ ಎರಡೇ ವಾಕ್ಯ ಹೇಳಿದಳು.

"ಇಷ್ಟೇನಾ?" ಎಂದೆ.

"ಅರ್ಧಕ್ಕೆ ನನ್ಹತ್ರ ಶಬ್ದ ಇಲ್ಲ ಅಪ್ಪ. ಇನ್ನರ್ಧ ಇಲ್ಲಿ ಯಾರೂ ಹೇಳುದಿಲ್ಲ."

ಅಜ್ಜಿ ಮುಗುಳ್ನಕ್ಕು, ಮಾಸ್ತರರು ಇದೆಲ್ಲ ಹೇಳಿದ್ದಾರಾ, ಇಷ್ಟು ವರ್ಷ ನುಡಿಸಿದ ನನಗೆ ಕೇಳಿಲ್ಲವಲ್ಲ ಎಂದರಂತೆ. ನಾನು ಸೋಲಲು ತಯಾರಿರಲಿಲ್ಲ. "ಇಲ್ಲಮ್ಮ, ಕೇಳಿ," ಎಂದು ಪುನಃ ಕೈ ಎತ್ತಿದೆ. "ಆಗ ಆ ತಂದೆ ಹೇಳುತ್ತಾನೆ..."

"ಸಾಕು," ಎಂದಳು ಸುಮತಿ.

ಜೋರಾಗಿ ಅಲ್ಲ. ಆದರೆ ಕೋಣೆಯಲ್ಲಿ ಎಲ್ಲರೂ ಅವಳ ಕಡೆ ತಿರುಗಿದರು.

"ಅವರು ಹೇಳದ್ದನ್ನು ನೀವ್ಯಾಕೆ ಹೇಳುದು? ಹೇಳ್ಬೇಕು ಅಂತಿದ್ರೆ ಅವರೇ ಹೇಳ್ತಿದ್ರು. ಹೇಳ್ಲಿಲ್ಲ ಅಂದ್ರೆ ಇಲ್ಲ ಅಂತ ಅಲ್ಲ."

ರೂಪ ಅದನ್ನು ಭಾಷಾಂತರ ಮಾಡಲಿಲ್ಲ. ಅಜ್ಜಿ ಬಿಡದೆ ಕೇಳಿದರು, ಹೇಳಲೇಬೇಕಾಯಿತು. ಕೇಳಿದ ಅಜ್ಜಿ ಸುಮತಿಯ ಕೈ ಹಿಡಿದು ತನ್ನ ಪಕ್ಕ ಪಿಯಾನೋದ ಎದುರೇ ಕೂರಿಸಿಕೊಂಡರು. ಸಂಗೀತದ ಹಾಳೆಯಲ್ಲಿ ಒಂದು ಕಡೆ ಬೆರಳಿಟ್ಟು ತೋರಿಸಿದರು. ಅಲ್ಲಿ ಸ್ವರಗಳ ಮೇಲೆ ಸಣ್ಣಕ್ಷರದಲ್ಲಿ ಏನೋ ಅಚ್ಚಾಗಿತ್ತು. ಇಲ್ಲಿ ನಿಧಾನ ಮಾಡಬಾರದು ಎಂದು ಮಾಸ್ತರರೇ ಬರೆದದ್ದಂತೆ.

ಅಜ್ಜಿ ಹೇಳುತ್ತ ಹೋದರು, ರೂಪ ಕನ್ನಡದಲ್ಲಿ ಹೇಳುತ್ತ ಬಂದಳು. "ಕಲಿಲಿಕ್ಕೆ ಬಂದ ಮಕ್ಕಳೆಲ್ಲ ಇಲ್ಲಿ ನಿಧಾನ ಮಾಡ್ತಾರಂತೆ. ದುಃಖದ ಜಾಗ ಅಂತ ಅವರಿಗೆ ಗೊತ್ತಾಗ್ತದೆ. ಗೊತ್ತಾಯ್ತು ಅಂತ ಬೇರೆಯವರಿಗೆ ತೋರಿಸ್ಬೇಕಲ್ಲ, ಹಾಗೆ."

"ನಿಧಾನ ಮಾಡಿದ್ರೆ ಎಂತ ಆಗ್ತದೆ?" ಎಂದು ಸುಮತಿ ಕೇಳಿದಳು.

ಅಜ್ಜಿ ಮಾಡಿ ತೋರಿಸಿದರು. ಆ ಜಾಗಕ್ಕೆ ಬಂದಾಗ ನಡೆ ತಗ್ಗಿಸಿ, ಒಂದು ಸ್ವರವನ್ನು ತೂಗಿ ಹಿಡಿದು, ಉಸಿರು ಬಿಡುವ ಹಾಗೆ ಮುಂದೆ ಹೋದರು. ಎಷ್ಟು ಚಂದ! ನನ್ನ ಕಣ್ಣು ತುಂಬಿತು. ಇದಲ್ಲವೇ ಸಂಗೀತ ಎಂದುಕೊಂಡೆ. ಆಮೇಲೆ ಮಾಸ್ತರರು ಬರೆದ ಹಾಗೆ ನುಡಿಸಿದರು. ಎಡಗೈ ಅದೇ ನಡೆಯಲ್ಲಿ ಆ ಜಾಗ ದಾಟಿತು, ತಿರುಗಿ ನೋಡಲಿಲ್ಲ. ಈ ಸಲ ಕಣ್ಣು ತುಂಬಲಿಲ್ಲ. ಬದಲಾಗಿ ಎದೆಯೊಳಗೆ ಯಾರೋ ಚಾಪೆ ಹಾಸಿದ ಸದ್ದು ಕೇಳಿತು. ಬಂದವರಿಗೆ ಕೂರಲು ಒಂದರ ಪಕ್ಕ ಒಂದು ಚಾಪೆ, ಮೂಲೆ ಸರಿ ಮಾಡಿ.

"ಮೊದಲಿನದ್ದು ನಮ್ಗೆ ಕೇಳ್ಲಿ ಅಂತ ಮಾಡಿದ್ದು," ಎಂದಳು ಸುಮತಿ. "ಇದು ಅವರದ್ದೇ."

ಚಾ ಆರಿಹೋಗಿತ್ತು. ನಾನು ಕುಡಿದೆ. ತಾಳಮದ್ದಲೆಯಲ್ಲಿ ಮೋಹನನ ಆ ಮಾತು ಹೇಳುವಾಗ ನಾನು ಎಲ್ಲಿ ನಿಲ್ಲಿಸುತ್ತಿದ್ದೆ, ಯಾವಾಗ ಶಾಲಿನ ತುದಿ ಕಣ್ಣಿಗೆ ಒತ್ತುತ್ತಿದ್ದೆ, ಆಗ ಮದ್ದಲೆಗೆ ಕೈ ಹಾಕಬಾರದು ಎಂದು ಮೊದಲೇ ಹೇಗೆ ತಾಕೀತು ಮಾಡುತ್ತಿದ್ದೆ, ಎಲ್ಲ ಕಣ್ಣ ಮುಂದೆ ಬಂತು. ವರ್ಷ ಹೋದ ಹಾಗೆ ಆ ನಿಲುಗಡೆಯನ್ನು ನಾನು ಉದ್ದ ಮಾಡುತ್ತ ಬಂದಿದ್ದೆ. ಜನ ತಡೆದುಕೊಳ್ಳುತ್ತಾರೆ ಎಂದು ಗೊತ್ತಾದಷ್ಟೂ ಉದ್ದ. ಒಲೆಯ ಮುಂದೆ ಅವಳು ಅದನ್ನು ಹೇಳುವಾಗ ಎಲ್ಲಿಯೂ ನಿಂತಿರಲಿಲ್ಲ.

ಮನೆಗೆ ಬಂದು ನಾರಾಯಣನಿಗೆ ಫೋನ್ ಮಾಡಿದೆ. "ಆ ಅರ್ಥ ನಾನು ಹೇಳುದಿಲ್ಲ," ಎಂದೆ.

"ಯಾಕೆ ಮಾರಾಯ್ರೆ? ಸೌಖ್ಯ ಇಲ್ವಾ? ಸ್ವರ ಎಂತ ಇಷ್ಟು ಸಣ್ಣ ಆಗಿದೆ?"

"ಸೌಖ್ಯ ಉಂಟು."

"ಹಾಗಾದ್ರೆ ಬೇರೆ ಅರ್ಥ ಹೇಳಿ, ಆ ಮಾತೊಂದನ್ನು ನಡುವಿನಲ್ಲಿ ಎಲ್ಲಿಯಾದ್ರೂ..."

"ಅದು ನನ್ನ ಮಾತಲ್ಲ ನಾರಾಯಣ. ಇನ್ನು ಎಲ್ಲಿಯೂ ಹೇಳುದಿಲ್ಲ. ಯಾರಾದ್ರೂ ಹೇಳಿದ್ರೆ ಬೇಡ ಅಂತ ಹೇಳು."

ಅವನಿಗೆ ಅರ್ಥವಾಗಲಿಲ್ಲ. ಚಳಿಗೆ ತಲೆ ಕೆಟ್ಟಿದೆ ಎಂದು ಊರಲ್ಲಿ ಹೇಳಿದನೆಂದು ಆಮೇಲೆ ತಿಳಿಯಿತು.

ರೈಲು ನಿಲ್ದಾಣ

ಹೊರಡುವ ದಿನ ನಿಲ್ದಾಣಕ್ಕೆ ಬೇಗ ಬಂದೆವು. ಜರ್ಮನಿಯ ರೈಲು ಒಂದು ಸೆಕೆಂಡೂ ತಪ್ಪುವುದಿಲ್ಲ ಎಂದು ಊರಲ್ಲಿ ಕೇಳಿ ನಂಬಿದ್ದವ ನಾನು. ಮೈಕಿನಲ್ಲಿ ಏನೋ ಹೇಳಿದರು, ಜನ ಒಟ್ಟಿಗೆ ನಿಟ್ಟುಸಿರು ಬಿಟ್ಟರು.

"ತಡ ಉಂಟಂತೆ," ಎಂದಳು ರೂಪ.

"ಮಂಜೇಶ್ವರ ಸ್ಟೇಷನಿನಲ್ಲೇ ಕೂತ ಹಾಗಾಯ್ತು," ಎಂದಳು ಸುಮತಿ. ದಾರಿಗೆ ಬ್ರೆಡ್ ತರುತ್ತೇನೆಂದು ರೂಪ ಹೋದಳು. ಬೆಂಚಿನಲ್ಲಿ ನಾವಿಬ್ಬರೇ ಉಳಿದೆವು.

ಹನ್ನಾ ಅಜ್ಜಿಯ ಕೋಣೆಯಿಂದ ಬಂದಂದಿನಿಂದ ನಾನು ಮಾತು ಜೋಡಿಸುತ್ತಿದ್ದೆ. ಮೊದಲು ಏನು, ಆಮೇಲೆ ಏನು, ಎಲ್ಲಿ ಸ್ವರ ಇಳಿಸಬೇಕು. ಗಂಟಲು ಸರಿಮಾಡಿಕೊಂಡೆ.

"ಸುಮತಿ, ಮನುಷ್ಯ ಎಂದ ಮೇಲೆ ಅವನ ಬಾಳಿನಲ್ಲಿ..."

"ಪೀಠಿಕೆ ಬೇಡ," ಎಂದಳು.

ಪೀಠಿಕೆ ಎಂದರೆ ತಾಳಮದ್ದಲೆಯಲ್ಲಿ ಪಾತ್ರ ತನ್ನನ್ನು ಪರಿಚಯಿಸಿಕೊಳ್ಳುವ ಮೊದಲ ಮಾತು. ಅದಕ್ಕೂ ನಾನು ಹೆಸರುವಾಸಿ. ಅದು ಬೇಡ ಎಂದ ಮೇಲೆ ಜೋಡಿಸಿಟ್ಟದ್ದರಲ್ಲಿ ಉಳಿದದ್ದು ಬಹಳ ಸ್ವಲ್ಪ.

"ಅದು ನಿನ್ನ ಮಾತು," ಎಂದೆ. "ನಾನು ಎತ್ತಿಕೊಂಡೆ. ತಪ್ಪಾಯ್ತು."

ಅವಳು ಹಳಿಗಳನ್ನು ನೋಡುತ್ತಿದ್ದಳು. ಆ ಕಡೆಯ ಪ್ಲಾಟ್‌ಫಾರ್ಮಿನಲ್ಲಿ ಒಬ್ಬರು ಮಳೆಗೆ ಛತ್ರಿ ಬಿಡಿಸಿದರು. ಅದರ ಒಂದು ಕಡ್ಡಿ ಬಾಗಿತ್ತು. ಮಾತಾಡದೆ ಕೂರುವುದು ಎಷ್ಟು ಕಷ್ಟ ಎಂದು ನನಗೆ ಆಗ ಗೊತ್ತಾಯಿತು. ಇನ್ನೊಂದು ವಾಕ್ಯ, ಒಂದು ಕಾರಣ, ಒಂದು ನಿಟ್ಟುಸಿರು ಸೇರಿಸಬೇಕೆಂದು ನಾಲಿಗೆ ಹೊರಳುತ್ತಿತ್ತು. ಹಲ್ಲು ಕಚ್ಚಿಕೊಂಡು ಕೂತೆ.

"ನಿಮ್ಮ ಅರ್ಥ ಚಂದ ಇತ್ತು," ಎಂದಳು. "ಅದೇ ನಂಗೆ ಆಗದ್ದು. ಅದು ಚಂದ ಆದದ್ದು."

ನಾನು "ಹೂಂ" ಎಂದೂ ಅನ್ನಲಿಲ್ಲ.

ಮೈಕಿನಲ್ಲಿ ಪುನಃ ಏನೋ ಹೇಳಿದರು. ಜನ ಚೀಲಗಳನ್ನು ಎತ್ತಿಕೊಂಡರು. ಸುಮತಿ ಸೆರಗು ಸರಿಮಾಡಿಕೊಂಡು, ನನ್ನ ಕಡೆ ತಿರುಗಿ ಕೂತಳು.

"ನಮ್ಮ ಮೋಹನ ಉಂಟಲ್ಲ," ಎಂದಳು.

ಆಮೇಲೆ ಹೇಳಿದಳು. ನನಗೆ ಗೊತ್ತಿಲ್ಲದ ಸಂಗತಿ. ಇಷ್ಟು ವರ್ಷ ಅವಳೊಬ್ಬಳೇ ಇಟ್ಟುಕೊಂಡದ್ದು. ಸ್ವರ ಏರಲಿಲ್ಲ, ಇಳಿಯಲೂ ಇಲ್ಲ. ನಡುವೆ ಒಮ್ಮೆ ನಕ್ಕಳು. ಅವಳು ಮುಗಿಸುವಾಗ ರೂಪ ಬ್ರೆಡ್ಡಿನ ಪೊಟ್ಟಣ ಹಿಡಿದು ಎದುರು ನಿಂತಿದ್ದಳು. ಅಮ್ಮನ ಮುಖ ನೋಡಿದಳು, ನನ್ನ ಮುಖ ನೋಡಿದಳು.

"ಎಂತ ಅಪ್ಪ? ಅಮ್ಮ ಎಂತ ಹೇಳಿದ್ದು?"

ರೈಲು ಬರುತ್ತಿತ್ತು. ನಾನು ಎದ್ದು ಪೆಟ್ಟಿಗೆಗೆ ಕೈ ಹಾಕಿದೆ.

"ನನ್ಹತ್ರ ಹೇಳಿದ್ದು," ಎಂದೆ.